ಡೈನಾ ಕೂರುವುದನ್ನು ಬಿಟ್ಟ ಸುಗ್ಗಿ

ಕಳೆದ ತಿಂಗಳು ಹಳಿಯಾಳದಿಂದ ಊರಿಗೆ ಬರುವ ಬಸ್ಸಿನಲ್ಲಿ ಒಂದು ರಗಳೆ ಆಯಿತು. ಅರಣ್ಯದ ವಾಚರ್ ಒಬ್ಬ ಪಟಾಕಿ ತುಂಬಿದ ಗೋಣಿಚೀಲ ಹೊತ್ತು ಹತ್ತಿದ್ದ. ಆನೆ ಇಳಿಯುವ ಕಾಲ ಬಂದಿತ್ತು, ಹೊಲದವರಿಗೆ ಹಂಚಲೆಂದು ಒಯ್ಯುತ್ತಿದ್ದ. ಕಂಡಕ್ಟರ್ ಇಳಿಸಿಯೇ ಇಳಿಸುತ್ತೇನೆ ಎಂದು ಸೀಟಿ ಊದುತ್ತಿದ್ದ, ಇವನು ಸರಕಾರಿ ಕೆಲಸ ಎಂದು ಚೀಲದ ಮೇಲೆಯೇ ಕೂತುಬಿಟ್ಟಿದ್ದ. ಚೀಲ ಎಲ್ಲಿಯೋ ನೆನೆದಿತ್ತೆಂದು ಕಾಣುತ್ತದೆ, ಮದ್ದಿನ ವಾಸನೆ ಬಸ್ಸಿನ ತುಂಬಾ ಹಬ್ಬಿತು. ನಾನು ತಟ್ಟನೆ ಬಗ್ಗಿ ಸೀಟಿನ ಕೆಳಗೆ ನೋಡಿದೆ. ಪಕ್ಕದ ಹೆಂಗಸು ಏನು ಬಿತ್ತು ಎಂದು ತಾನೂ ಬಗ್ಗಿ ಹುಡುಕತೊಡಗಿದಳು. ಏನೂ ಬಿದ್ದಿರಲಿಲ್ಲ. ಆ ವಾಸನೆ ಬಂದ ಕಡೆ ಒಂದು ಕರಿಯ ನಾಯಿ ಬಂದು ಕೂರಬೇಕು ಎಂಬುದು ನನ್ನ ತಲೆಯಲ್ಲಿ ಹೊಕ್ಕುಬಿಟ್ಟಿದೆ. ಡೈನಾ ಸತ್ತು ಎರಡು ಬೇಸಿಗೆ ಕಳೆದರೂ ಅದು ಹೋಗಿಲ್ಲ.

ನಮ್ಮನೆಯವರು ಸೈನ್ಯದಲ್ಲಿ ನಾಯಿಯ ಹ್ಯಾಂಡ್ಲರ್ ಆಗಿದ್ದರು. ಮದ್ದುಗುಂಡು ಹುಡುಕುವ ನಾಯಿ. ಇವರು ನಾಯಿಯ ಕೊರಳಿಗೆ ಕಟ್ಟಿದ ಉದ್ದ ಪಟ್ಟಿ ಹಿಡಿದುಕೊಂಡು ಮುಂದೆ ಹೋಗುವುದು, ನಾಯಿ ಮೂಸುತ್ತಾ ಅದಕ್ಕೂ ಮುಂದೆ ಹೋಗುವುದು, ಉಳಿದ ಪಡೆ ಇವರಿಬ್ಬರ ಹೆಜ್ಜೆ ನೋಡಿಕೊಂಡು ಹಿಂದೆ ಬರುವುದು. ರಜೆಗೆ ಬಂದಾಗ ಇವರು ಹೇಳುತ್ತಿದ್ದುದು ಇಷ್ಟೇ. ನಾಯಿಗೆ ಮದ್ದಿನ ವಾಸನೆ ಸಿಕ್ಕರೆ ಅದು ಬೊಗಳುವುದಿಲ್ಲ, ಕೆದರುವುದಿಲ್ಲ, ಸದ್ದಿಲ್ಲದೆ ಕೂತುಬಿಡುತ್ತದೆ. ಆಗ ಹ್ಯಾಂಡ್ಲರ್ ಒಂದು ರಬ್ಬರ್ ಚೆಂಡು ಎಸೆಯಬೇಕು. ಅದೇ ಅದರ ಪಗಾರ. ನೀ ಹೇಳಿದ್ದು ಖರೆ ಎಂದು ಅದಕ್ಕೆ ಒಪ್ಪಿಕೊಟ್ಟ ಹಾಗೆ. ಇದನ್ನು ಕೇಳಿದಾಗ ನಾನು, ನಾನೂ ದಿನಕ್ಕೆ ಹತ್ತು ಸಲ ಖರೆ ಹೇಳುತ್ತೇನೆ, ನನಗೆ ಯಾರೂ ಏನೂ ಎಸೆಯುವುದಿಲ್ಲ ಎಂದು ನಕ್ಕಿದ್ದೆ.

ಇವರು ನಿವೃತ್ತಿಯಾಗಿ ಬಂದ ಮರುವರ್ಷ ಡೈನಾಳಿಗೂ ನಿವೃತ್ತಿಯಾಯಿತು. ಇವರು ಅರ್ಜಿ ಹಾಕಿ, ಉತ್ತರ ಭಾರತದವರೆಗೆ ಹೋಗಿ, ಆಕೆಯನ್ನು ರೈಲಿನಲ್ಲಿ ತಂದು ಲೋಂಡಾದಲ್ಲಿ ಇಳಿಸಿಕೊಂಡು, ಅಲ್ಲಿಂದ ಟೆಂಪೋ ಮಾಡಿ ಮನೆಗೆ ತಂದರು. ಮಗಳನ್ನು ಹೆರಿಗೆಗೆ ಕರೆತಂದಂತೆ ಹಳೆಯ ರಗ್ಗು ಸುತ್ತಿದ್ದರು. ಮೈಯೆಲ್ಲ ಕಪ್ಪು, ಮೂತಿ ಮಾತ್ರ ನರೆತಿತ್ತು. ನಾನು ಕನ್ನಡದಲ್ಲಿ ಬಾ ಎಂದರೆ ಬರುವವಳಲ್ಲ. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳನ್ನು ಒಂದು ಗದರಿಕೆಗೆ ಕೂರಿಸುವ ನಾನು ಮನೆಗೆ ಬಂದು ಒಂದು ನಾಯಿಗೆ ಹಿಂದಿಯಲ್ಲಿ ವಿನಂತಿ ಮಾಡಬೇಕಾಯಿತು. ಇನ್ನೊಂದು ಕಿರಿಕಿರಿಯೆಂದರೆ ಊಟ. ಆಕೆಯ ತಟ್ಟೆ ಖಾಲಿಯಾಗುವ ತನಕ ಇವರು ತುತ್ತು ಎತ್ತುತ್ತಿರಲಿಲ್ಲ. ಅದು ಸೈನ್ಯದ ಪದ್ಧತಿಯಂತೆ. ದೀಪಾವಳಿಯ ದಿನ ಹೋಳಿಗೆ ಆರಿ ತಣ್ಣಗಾದರೂ ಇವರು ನಾಯಿಯ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. ನನಗೆ ಸಿಟ್ಟೂ ಬಂತು, ಯಾಕೋ ಕಣ್ಣೂ ತುಂಬಿತು.

ಆಕೆಗೆ ಕೆಲಸವಿಲ್ಲದೆ ಬದುಕಲು ಬರುತ್ತಿರಲಿಲ್ಲ. ಮೊದಲ ವಾರ ಜಗಲಿಯ ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ಮಲಗಿದ್ದಳು. ಅದಕ್ಕೆ ಇವರು ಒಂದು ಆಟ ಹೂಡಿದರು. ಪಟಾಕಿಯ ಮದ್ದನ್ನು ಬಟ್ಟೆಯಲ್ಲಿ ಕಟ್ಟಿ ಯಾರದಾದರೂ ಹಿತ್ತಲಲ್ಲಿ, ಒಪ್ಪಿಗೆ ಕೇಳಿ, ಬಚ್ಚಿಡುವುದು. ಬೆಳಿಗ್ಗೆ ಡೈನಾಳನ್ನು ಕರೆದೊಯ್ದು "ಢೂಂಡ್" ಎನ್ನುವುದು. ಆಕೆ ಹುಡುಕಿ ಕೂರುವುದು, ಇವರು ಚೆಂಡು ಎಸೆಯುವುದು. ವಯಸ್ಸು ಮರೆತು ಆ ಚೆಂಡಿನ ಹಿಂದೆ ಓಡುವಾಗ ಆಕೆಯ ಮುಖ ನೋಡಬೇಕಿತ್ತು. ಊರಿಗೆ ಊರೇ ಚಹಾದ ಕಪ್ಪು ಹಿಡಿದು ಹೊರಗೆ ಬರುತ್ತಿತ್ತು.

ಆ ವರ್ಷ ಆನೆಗಳು ಬೇಗ ಇಳಿದವು. ದಾಂಡೇಲಿ ಕಡೆಯ ಕಾಡಿನಿಂದ ಅವು ಬಂದವೆಂದರೆ ಭತ್ತ, ಕಬ್ಬು ಎಂಬ ಭೇದವಿಲ್ಲ. ಪ್ರತಿ ಮನೆಯಲ್ಲೂ ಬೆದರಿಸಲು ಪಟಾಕಿ. ಹೀಗಾಗಿ ಡೈನಾಳಿಗೆ ಹಬ್ಬವೋ ಹಬ್ಬ. ಓಣಿಯಲ್ಲಿ ಹೊರಟರೆ ಮನೆಮನೆಯ ಮುಂದೆ ಕೂರುವಳು. ಇವರು ಬೇಸರವಿಲ್ಲದೆ ಪ್ರತಿ ಸಲ ಚೆಂಡು ಎಸೆಯುವರು. ಹಾಲು ತರಲು ಹೋದ ಮನುಷ್ಯ ಮಧ್ಯಾಹ್ನಕ್ಕೆ ಬರುತ್ತಿದ್ದರು. ಒಂದೆರಡು ಸಲ ಕೊಡದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಆಕೆ ಹೇಳಿದ್ದು ಸುಳ್ಳು ಎಂದಂತಾಗುತ್ತದೆ, ಒಂದು ಸಲ ಹಾಗೆ ಅನ್ನಿಸಿದರೆ ಮುಂದೆ ಹೇಳಬೇಕೋ ಬೇಡವೋ ಎಂದು ಆಕೆಯೇ ಅನುಮಾನಿಸುತ್ತಾಳೆ ಎಂದರು. ಅಲ್ಲಿ ಹಾಗೆ ಅನುಮಾನಿಸಿದ ನಾಯಿಯ ಹಿಂದೆ ನಡೆಯುವವರು ಬದುಕಿ ಬರುವುದಿಲ್ಲವಂತೆ. ಇದು ಹಳಿಯಾಳ ತಾಲೂಕು, ಇಲ್ಲಿ ಯಾರೂ ಸಾಯುವುದಿಲ್ಲ, ನೀವು ಹಾಲು ತನ್ನಿ ಎಂದೆ.

ನನ್ನ ತವರು ನಮ್ಮ ಊರಿನಿಂದ ದೂರವೇನಲ್ಲ, ಕಾಡಿನ ಅಂಚಿಗೆ ತಾಗಿದ ಊರು. ಅಲ್ಲಿ ಅವ್ವ, ತಮ್ಮ ಪರಶುರಾಮ, ಅವನ ಹೆಂಡತಿ. ಪರಶು ಇವರನ್ನು ಮಾಮಾ ಎನ್ನುತ್ತಾನೆ. ನನ್ನ ಮದುವೆಯಲ್ಲಿ ಇವರ ಸೈನ್ಯದ ಬೂಟು ಮುಚ್ಚಿಟ್ಟು, ಆಮೇಲೆ ಹೆದರಿ ತಾನೇ ತಂದುಕೊಟ್ಟವನು. ಅವನ ಕಷ್ಟ ಆನೆಯದಲ್ಲ, ಹಂದಿಯದು. ಹಿಂದಿನ ವರ್ಷ ಗೋವಿನಜೋಳದ ಹೊಲವನ್ನು ಕಾಡುಹಂದಿಗಳು ಉತ್ತು ಹಾಕಿದ್ದವು. ಪಟಾಕಿಗೆ ಆನೆ ಹೆದರಬಹುದು, ಹಂದಿ ಹೆದರುವುದಿಲ್ಲ.

ನಮ್ಮ ಕಡೆ ಹಂದಿಗೆ ಕೆಲವರು ಕಳ್ಳತನದಲ್ಲಿ ನಾಡಬಾಂಬು ಇಡುತ್ತಾರೆ. ತಿನ್ನುವ ಪದಾರ್ಥ ಮೆತ್ತಿ ಬದುವಿನಲ್ಲಿ ಇಟ್ಟಿರುತ್ತಾರೆ, ಕಚ್ಚಿದರೆ ಸಿಡಿಯುತ್ತದೆ. ಹಂದಿಯೇ ಕಚ್ಚಬೇಕೆಂದೇನೂ ಇಲ್ಲವಲ್ಲ. ಆಚೆ ಊರಿನಲ್ಲಿ ಗಬ್ಬದ ಆಕಳೊಂದು ಕಚ್ಚಿ, ದವಡೆ ಹಾರಿಹೋಗಿ, ನೀರು ಕುಡಿಯಲಾಗದೆ ನಿಂತುಕೊಂಡೇ ಇತ್ತಂತೆ. ಸಿಕ್ಕಿಬಿದ್ದರೆ ಜೈಲು. ಹಾಗಾಗಿ ಇಟ್ಟವರು ಯಾರೂ ಇಟ್ಟೆನೆಂದು ಹೇಳುವುದಿಲ್ಲ, ಗೊತ್ತಿದ್ದವರೂ ಹೇಳುವುದಿಲ್ಲ.

ಕೊಯ್ಲಿಗೆ ಮುಂಚೆ ಒಂದು ದಿನ ಅರಣ್ಯದ ಗಾರ್ಡ್ ಪಟಾಕಿ ಹಂಚಲು ತವರೂರಿಗೆ ಬಂದಿದ್ದರು. ರಸ್ತೆಯ ಬದಿಗಿರುವುದು ನಮ್ಮ ಪರಶುವಿನ ಕಣವೇ, ಜನ ಅಲ್ಲಿಯೇ ಸೇರಿದ್ದರು. ನಾವೂ ಅವ್ವನನ್ನು ನೋಡಲು ಹೋಗಿದ್ದೆವು, ಡೈನಾಳೂ ಜೊತೆಗೆ. ಮಿಲಿಟ್ರಿ ನಾಯಿಯ ಆಟ ನೋಡಬೇಕೆಂದು ಎಲ್ಲರೂ ಇವರಿಗೆ ಗಂಟು ಬಿದ್ದರು. ಗಾರ್ಡ್ ಕೂಡ ತೋರಿಸಿರಿ ಎಂದರು. ಇವರಿಗೆ ಒಳಗೊಳಗೇ ಖುಷಿ. ಪಟಾಕಿಯ ಚೀಲಗಳನ್ನೆಲ್ಲ ರಸ್ತೆಯಾಚೆ ಇಡಿಸಿ, ಬಟ್ಟೆಯ ಗಂಟನ್ನು ಕಣದ ಬೇಲಿಯಲ್ಲಿ ಬಚ್ಚಿಟ್ಟು, ಆಕೆಯನ್ನು ಬಿಟ್ಟರು.

ಡೈನಾ ಬೇಲಿಯ ಕಡೆ ಹೊರಟವಳು ನಡುವೆ ತಲೆ ಎತ್ತಿದಳು. ತಿರುಗಿ ನೇರ ದನದ ಕೊಟ್ಟಿಗೆಗೆ ಹೋದಳು. ಅಲ್ಲಿ ಮೂಲೆಯಲ್ಲಿ ಗೊಬ್ಬರದ ಚೀಲಗಳನ್ನು ಒಟ್ಟಿದ್ದರು. ಅದರ ಮುಂದೆ ಕೂತಳು. ಕೂತು ಇವರ ಕಡೆ ಹೊರಳಿ ನೋಡಿದಳು.

ನಾನು ಪರಶುವಿನ ಮುಖ ನೋಡಿದೆ. ಬೇಡವಾಗಿತ್ತು, ಆದರೂ ಕಣ್ಣು ಅಲ್ಲಿಗೇ ಹೋಯಿತು. ಅವನ ತುಟಿ ಒಣಗಿತ್ತು.

"ಅಲ್ಲೇನಿಲ್ಲ ಮಾಮಾ, ಗೊಬ್ಬರದ ಚೀಲ ಅದಾವ" ಎಂದ.

ಎಲ್ಲರೂ ಇವರನ್ನು ನೋಡುತ್ತಿದ್ದರು. ಗಾರ್ಡ್ ಕೂಡ. ಇವರ ಕೈ ಕಿಸೆಯಲ್ಲಿತ್ತು, ಚೆಂಡಿನ ಮೇಲೆ. ಚೆಂಡು ಹೊರಗೆ ಬಂದರೆ ನನ್ನ ತಮ್ಮ ಸುಳ್ಳ, ಅವನ ಕೈಗೆ ಬೇಡಿ. ಬಾರದಿದ್ದರೆ ಡೈನಾ ಸುಳ್ಳಿ. ಆ ಹೊತ್ತಿನಲ್ಲಿ ನನಗೆ ಏನು ಬೇಕಾಗಿತ್ತು ಎಂದು ಈಗ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ತಮ್ಮ ಉಳಿಯಲಿ ಎಂದು ದೇವರನ್ನು ನೆನೆದೆ, ಅದೇ ಉಸಿರಿನಲ್ಲಿ ಚೆಂಡು ಎಸೆಯಿರಿ ಎಂದೂ ಅಂದುಕೊಂಡೆ. ಎರಡೂ ಖರೆ.

ಇವರು ಖಾಲಿ ಕೈಯನ್ನು ಕಿಸೆಯಿಂದ ತೆಗೆದರು. "ಮುದಿಕಿ ಆಗ್ಯಾಳ್ರಿ. ಮೂಗು ಮೊದಲಿನಂಗಿಲ್ಲ" ಎಂದರು.

ಜನ ನಕ್ಕರು. ಗಾರ್ಡ್ ತಮಗೂ ಮೊಣಕಾಲು ಮೊದಲಿನಂತಿಲ್ಲ ಎಂದು ಹೇಳಿ ಪಟಾಕಿ ಹಂಚಲು ಹೋದರು. ಇವರು ಬಂದು ಪಟ್ಟಿ ಎಳೆದರು. ಡೈನಾ ಏಳಲಿಲ್ಲ. ಇವರ ಮುಖ ನೋಡುವಳು, ಕಿಸೆ ನೋಡುವಳು. ಮತ್ತೊಮ್ಮೆ ಎಳೆದರೂ ಏಳಲಿಲ್ಲ. ಕೊನೆಗೆ ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಿಕೊಂಡು ಬಂದರು. ಅಷ್ಟು ದೊಡ್ಡ ನಾಯಿ, ಕಾಲು ಜೋತು ಬಿಟ್ಟುಕೊಂಡು, ಇವರ ತೋಳಿನ ಮೇಲಿಂದ ಗೊಬ್ಬರದ ಚೀಲಗಳನ್ನೇ ನೋಡುತ್ತಾ ಬಂದಳು.

ಮನೆಗೆ ಬಂದ ಮೇಲೆ ಅಲ್ಲಿ ನಿಜವಾಗಿಯೂ ಏನಾದರೂ ಇತ್ತೇ ಎಂದು ಕೇಳಿದೆ.

"ನನಗ ಗೊತ್ತಿಲ್ಲ. ಅಕಿಗೆ ಗೊತ್ತೈತಿ" ಎಂದರು.

ಮರುದಿನ ಬೆಳಿಗ್ಗೆ ಇವರು ಒಬ್ಬರೇ ಹೋಗಿ ಪರಶುವನ್ನು ಹೊಲಕ್ಕೆ ಕರೆದು, ಇದ್ದರೆ ಇದೆ ಎನ್ನು, ಹೇಗೆ ವಿಲೇವಾರಿ ಮಾಡಿಸಬೇಕೋ ನಾನು ನೋಡುತ್ತೇನೆ ಎಂದು ಹೇಳಿ ಬಂದರು. ಅವನು ಅವ್ವನ ಮೇಲೆ ಆಣೆ ಹಾಕಿ, ಏನೂ ಇಲ್ಲ ಎಂದನಂತೆ. ಈಗ ನಾನು ಯಾರನ್ನು ನಂಬಬೇಕು? ನನ್ನ ತಮ್ಮ ಅವ್ವನ ಮೇಲೆ ಸುಳ್ಳು ಆಣೆ ಹಾಕುವವನಲ್ಲ. ಡೈನಾ ಯಾವ ಆಣೆಯನ್ನೂ ಹಾಕದೆ ಇಷ್ಟು ವರ್ಷ ನನ್ನ ಗಂಡನನ್ನು ಜೀವಂತ ಮನೆಗೆ ಕಳಿಸಿದವಳು. ತಮ್ಮನನ್ನು ನಂಬಿದರೆ, ಇವರು ಸೈನ್ಯದಲ್ಲಿ ನಡೆದ ದಾರಿಯೆಲ್ಲ ಬರೀ ಅದೃಷ್ಟ ಎಂದಾಗುತ್ತದೆ. ನಾಯಿಯನ್ನು ನಂಬಿದರೆ, ತವರಿನ ಹೊಸಿಲು ಹೇಗೆ ದಾಟುವುದು. ಗೊಬ್ಬರದ ವಾಸನೆಯೇ ಮದ್ದಿನ ಹಾಗೆ ಇರಬಹುದೇ ಎಂದು ನಮ್ಮ ಹಿತ್ತಲಲ್ಲಿದ್ದ ಯೂರಿಯಾ ಚೀಲವನ್ನು ನಾನೇ ಮೂಸಿ ನೋಡಿದೆ. ಏನೂ ತಿಳಿಯಲಿಲ್ಲ, ಸೀನು ಬಂತು.

ಆಮೇಲೆ ಡೈನಾ ಕೂರುವುದನ್ನು ಬಿಟ್ಟಳು.

ಮೊದಲು ನಮಗೆ ತಿಳಿಯಲಿಲ್ಲ. ಓಣಿಯಲ್ಲಿ ಹೊರಟಾಗ ಎಲ್ಲಿಯೂ ನಿಲ್ಲದೆ ನಡೆದಳು. ಇವರು ಬಟ್ಟೆಯ ಗಂಟನ್ನು ನಮ್ಮದೇ ಕಟ್ಟಿಗೆ ರಾಶಿಯಲ್ಲಿಟ್ಟು "ಢೂಂಡ್" ಎಂದರು. ಆಕೆ ಹೋದಳು, ಗಂಟಿನ ಹತ್ತಿರ ಮೂತಿ ಒಯ್ದಳು, ಇವರ ಮುಖ ನೋಡಿದಳು, ಮುಂದೆ ಹೋಗಿ ಬೇವಿನ ನೆರಳಲ್ಲಿ ಮಲಗಿದಳು. ಹಳಿಯಾಳಕ್ಕೆ ಪಶುವೈದ್ಯರ ಹತ್ತಿರ ಕರೆದೊಯ್ದೆವು. ವಯಸ್ಸು, ಕೀಲುನೋವು, ಕೂರಲು ಕಷ್ಟವಾಗುತ್ತಿರಬಹುದು ಎಂದರು. ಅದಕ್ಕೆ ಮಾತ್ರೆ ಕೊಟ್ಟರು. ಊಟದ ಮುಂದೆ ಕೂರಲು ಆಕೆಗೆ ಯಾವ ಕಷ್ಟವೂ ಇರಲಿಲ್ಲ. ನಾನು ಅದನ್ನು ಇವರಿಗೆ ಹೇಳಿದೆ. ಹೇಳಬಾರದಿತ್ತೇನೋ. ಇವರು ತಮ್ಮ ತಟ್ಟೆ ಸರಿಸಿ ಎದ್ದುಹೋದರು.

ಆ ದಿನಗಳಲ್ಲಿ ಮನೆಯಲ್ಲಿ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಪಾತ್ರೆಗಳ ಮೇಲೆ ಮಾಡಿದೆ. ಒಂದು ಬೋಗುಣಿ ಸೊಟ್ಟಗಾಯಿತು. ಇವರು ತಮ್ಮಷ್ಟಕ್ಕೆ ಪಟ್ಟಿಗೆ ಎಣ್ಣೆ ಹಚ್ಚುತ್ತಾ ಕೂರುವರು. ಒಮ್ಮೆ ಮಾತ್ರ, ಹಿಡಿದವನ ಎದೆಯಲ್ಲಿದ್ದದ್ದು ಪಟ್ಟಿಗುಂಟ ಇಳಿದು ನಾಯಿಗೆ ಮುಟ್ಟುತ್ತದೆ, ಅವತ್ತು ನಾನು ಸುಳ್ಳು ಹೇಳಿದ್ದು ಆಕೆಗೆ ಗೊತ್ತಾಗಿದೆ ಎಂದರು. ನನ್ನ ತಮ್ಮನನ್ನು ಉಳಿಸಲಿಕ್ಕೆಂದೇ ಇವರು ಹಾಗೆ ಮಾಡಿದ್ದು. ಅದಕ್ಕೆ ನಾನು ಕೈ ಮುಗಿಯಬೇಕೋ, ಬೈಯಬೇಕೋ? ಎರಡನ್ನೂ ಮಾಡದೆ ಚಹಾ ಮಾಡಿಕೊಟ್ಟೆ.

ಕೊಯ್ಲು ಶುರುವಾದ ಮೇಲೆ ಒಂದು ಬೆಳಿಗ್ಗೆ ಪರಶು ಬೈಕಿನಲ್ಲಿ ಬಂದ. ಅಂಗಳದಲ್ಲಿ ನಿಂತ, ಒಳಗೆ ಬರಲಿಲ್ಲ, ಹೆಲ್ಮೆಟ್ ಕೂಡ ತೆಗೆಯಲಿಲ್ಲ. ನಾನು ಅಂಗನವಾಡಿಗೆ ಹೊರಟಿದ್ದೆ. ಅವನು ಹೆಲ್ಮೆಟ್ಟಿನ ಒಳಗಿನಿಂದಲೇ ಮಾತಾಡಿದ.

"ಅಕ್ಕಾ, ಒಂದು ಸಿಗವಲ್ದು."

ಅವನೇ ಹೇಳಿದ. ಹಿಂದಿನ ಸಂಜೆ ಬದುವಿಗೆ ನಾಡಬಾಂಬು ಇಟ್ಟಿದ್ದನಂತೆ, ಬೆಳಿಗ್ಗೆ ದನ ಬಿಡುವ ಮುಂಚೆ ಎತ್ತಿಕೊಳ್ಳಲು ಹೋದರೆ ಒಂದು ಕಡಿಮೆಯಂತೆ. ಸಿಡಿದ ಸದ್ದು ಯಾರೂ ಕೇಳಿಲ್ಲ. ಮುಂಗುಸಿಯೋ ನರಿಯೋ ಉರುಳಿಸಿಕೊಂಡು ಹೋಗಿ ಎಲ್ಲಿಯೋ ಬಿಟ್ಟಿರಬೇಕು. ಆ ಬದುವಿನ ಮೇಲೆಯೇ ಊರ ದನಗಳೆಲ್ಲ ಕಾಡಿಗೆ ಹೋಗುವುದು, ಕೊಯ್ಲಿನ ಹೆಂಗಸರು ಬರುವುದು. ಅವನು ಹೇಳುತ್ತಾ ಹೇಳುತ್ತಾ ಡೈನಾಳನ್ನು ನೋಡಿದ. ಮೂಗಿಲ್ಲದ ಮುದುಕಿ ಎಂದು ಆ ಊರೆಲ್ಲ ನಕ್ಕಿದ್ದ ನಾಯಿಯನ್ನು ಕೇಳಿಕೊಂಡು ಬಂದಿದ್ದ.

ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಹೆಲ್ಮೆಟ್ ಇತ್ತು. ಇವರು ಒಳಗಿನಿಂದ ಎಲ್ಲ ಕೇಳಿದ್ದರು. ಹೊರಗೆ ಬಂದಾಗ ಕೈಯಲ್ಲಿ ಪಟ್ಟಿ ಇತ್ತು. ಪರಶುವಿಗೆ ಒಂದೇ ಮಾತು ಹೇಳಿದರು, ಮೊದಲು ಹೋಗಿ ದನ ಮತ್ತು ಜನ ತಡೆ, ಕಾರಣ ಕೇಳಿದರೆ ಖರೆ ಹೇಳು ಎಂದು. ಡೈನಾ ಈಗ ಹುಡುಕುತ್ತಾಳೆಯೇ ಎಂದು ನಾನು ಕೇಳಿದ್ದಕ್ಕೆ ಚೆಂಡು ಎತ್ತಿ ಕಿಸೆಗೆ ಹಾಕಿಕೊಂಡರು.

ಪರಶುವಿನ ಹೊಲದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಅರ್ಧ ಹೊಲದ ಜೋಳ ಮುರಿದಾಗಿತ್ತು, ಉಳಿದದ್ದು ನಿಂತಿತ್ತು. ಆಚೆ ಸಾಗವಾನಿ ಮರಗಳು, ಕೆಳಗೆ ಮೊಣಕಾಲಿನ ತನಕ ಒಣಗಿದ ಎಲೆ. ನಾನೂ ಪರಶುವೂ ಇವರು ಹೇಳಿದಲ್ಲಿ ನಿಂತೆವು. ಇವರು ಡೈನಾಳ ಮುಂದೆ ಮಂಡಿಯೂರಿ, ಆಕೆಯ ಕಿವಿ ಹಿಂದೆ ಸರಿಸಿ, ಏನೋ ಹೇಳಿದರು. ನಮಗೆ ಕೇಳಿಸಲಿಲ್ಲ. ಆಮೇಲೆ ಇಬ್ಬರೂ ಬದುವಿನ ಮೇಲೆ ಹೊರಟರು. ಆಕೆ ಮುಂದೆ, ಇವರು ಹಿಂದೆ. ಇವರನ್ನು ಮದುವೆಯಾಗಿ ಇಷ್ಟು ವರ್ಷವಾದರೂ ಇವರ ಕೆಲಸವನ್ನು ನಾನು ನೋಡಿದ್ದು ಅದೇ ಮೊದಲು. ಊರಲ್ಲಿ ಆಡಿದ್ದೆಲ್ಲ ಆಟ. ಇಲ್ಲಿ ಇವರು ಕಾಲಿಡುತ್ತಿದ್ದ ಜಾಗವೆಲ್ಲ ಆಕೆ ಸುಮ್ಮನೆ ದಾಟಿದ ಜಾಗ. ಕೂರುವುದನ್ನೇ ಬಿಟ್ಟ ನಾಯಿ ದಾಟಿತೆಂದರೆ ಅಲ್ಲಿ ಏನೂ ಇಲ್ಲವೆಂದೋ, ಇದ್ದರೂ ಹೇಳಲಿಲ್ಲವೆಂದೋ? ತಿರುಗಿ ಬರ್ರಿ ಎಂದು ಕೂಗಿದರೆ ಆಕೆಯ ಗಮನ ತಪ್ಪೀತೆಂದು ಇವರ ಹೆಜ್ಜೆ ಎಣಿಸುತ್ತಾ ನಿಂತೆ.

ಬದು ಮುಗಿಯಿತು. ಡೈನಾ ಸಾಗವಾನಿಯ ಕಡೆ ಹೊರಳಿದಳು. ಒಂದು ಮರದ ಬುಡದ ಹತ್ತಿರ ನಡಿಗೆ ನಿಧಾನವಾಯಿತು. ಮೂತಿ ಇಳಿಸಿದಳು. ತಲೆ ಎತ್ತಿ ಇವರನ್ನು ನೋಡಿದಳು. ಕೂರಲಿಲ್ಲ. ಬಾಲ ಕೆಳಗೆ ಹಾಕಿ, ಅಲ್ಲಿಂದ ಹೊರಟಳು.

ಪರಶು, ಅಲ್ಲಿಯೂ ಇಲ್ಲ ಎಂದು ಗೊಣಗಿದ. ನಾನೂ ಹಾಗೆಯೇ ಅಂದುಕೊಂಡೆ.

ಇವರು ನಿಂತರು. ಆ ಎಲೆರಾಶಿಯನ್ನು ನೋಡಲೇ ಇಲ್ಲ. ಕಿಸೆಯಿಂದ ಚೆಂಡು ತೆಗೆದು, ಹಿಂದಕ್ಕೆ, ನಾವು ಬಂದ ದಾರಿಯ ಕಡೆ, ಎಸೆದರು. "ಶಾಬಾಶ್" ಎಂದರು. ಗಟ್ಟಿಯಾಗಿ, ನಮಗೂ ಕೇಳುವಂತೆ.

ಡೈನಾ ಓಡಲಿಲ್ಲ. ಚೆಂಡು ಬಿದ್ದ ಕಡೆ ನೋಡಿದಳು, ಇವರನ್ನು ನೋಡಿದಳು. ಏನೋ ತಪ್ಪಾಗಿದೆ, ನಾನು ಕೂತಿಲ್ಲವಲ್ಲ ಎನ್ನುವ ಹಾಗೆ ನಿಂತಳು. ಇವರು ಇನ್ನೊಮ್ಮೆ ಶಾಬಾಶ್ ಎಂದರು. ಆಮೇಲೆ ಆಕೆ ಕುಂಟುತ್ತಾ ಹೊರಟು, ಚೆಂಡು ಕಚ್ಚಿಕೊಂಡು, ನೇರ ನನ್ನ ಹತ್ತಿರ ಬಂದು ನಿಂತಳು. ನಾನು ಆಕೆಯ ಕತ್ತಿನ ಪಟ್ಟಿ ಹಿಡಿದುಕೊಂಡೆ.

ಅಷ್ಟಾದ ಮೇಲೆ ಇವರು ಬಗ್ಗಿ, ಒಂದೊಂದೇ ಎಲೆ ಎತ್ತಿ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಗುರುತಿಗೆ ಪಕ್ಕದ ಗಿಡಕ್ಕೆ ಕಟ್ಟಿದರು. ಇಟ್ಟ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ವಾಪಸು ಬಂದು ಪರಶುವಿನ ಮುಂದೆ ನಿಂತರು. "ಐತಿ" ಎಂದರು. "ಗಾರ್ಡಗ ಫೋನ್ ಹಚ್ಚು. ನಾ ಹಚ್ಚಂಗಿಲ್ಲ. ನೀನ ಹಚ್ಚು."

ಪರಶು ನನ್ನನ್ನು ನೋಡಿದ. ಚಿಕ್ಕಂದಿನಿಂದ ಅವನು ಸಿಕ್ಕಿಬಿದ್ದಾಗಲೆಲ್ಲ ಹೀಗೆಯೇ ನೋಡುತ್ತಾನೆ, ನಾನು ಅಡ್ಡ ನಿಲ್ಲುತ್ತೇನೆ. ಈ ಸಲ ನನ್ನ ಕೈಯಲ್ಲಿ ಡೈನಾಳ ಪಟ್ಟಿ ಇತ್ತು, ಬಿಟ್ಟರೆ ಆಕೆ ಮತ್ತೆ ಅತ್ತ ಓಡುವಳು ಎಂಬ ಹೆದರಿಕೆ ಇತ್ತು. ಅಡ್ಡ ನಿಲ್ಲದಿದ್ದುದು ಅದಕ್ಕೋ, ಬೇರೆ ಕಾರಣಕ್ಕೋ ನನಗೆ ಗೊತ್ತಿಲ್ಲ. ಅವನು ಹೆಲ್ಮೆಟ್ ತೆಗೆದು ನೆಲದ ಮೇಲಿಟ್ಟು ಫೋನ್ ಹಚ್ಚಿದ.

ಕೇಸು ಆಯಿತು. ತಾನಾಗಿಯೇ ಹೇಳಿದನೆಂದು ಜಾಮೀನು ಬೇಗ ಸಿಕ್ಕಿತು, ಹಳಿಯಾಳದ ಕೋರ್ಟಿಗೆ ಇನ್ನೂ ಅಲೆಯುತ್ತಿದ್ದಾನೆ. ಅವ್ವ ಬಹಳ ತಿಂಗಳು ನನ್ನೊಂದಿಗೆ ಮಾತು ಬಿಟ್ಟಳು, ಒಂದು ನಾಯಿಗೋಸ್ಕರ ಒಡಹುಟ್ಟಿದವನನ್ನು ಕೊಟ್ಟೆ ಎಂದಳು. ನಾನು ಕೊಟ್ಟೆನೋ, ಉಳಿಸಿಕೊಂಡೆನೋ ಅವ್ವಾ ಎಂದು ಒಂದು ದಿನ ಕೇಳಬೇಕೆಂದಿದ್ದೇನೆ. ಪರಶು ಮಾತ್ರ ಡೈನಾ ಸತ್ತ ದಿನ ಬಂದು, ಕುಣಿ ತೋಡಲು ಗುದ್ದಲಿ ತಾನೇ ಹಿಡಿದ. ಇವರಿಗೆ ಕೊಡಲಿಲ್ಲ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ದಿನದ ಮಧ್ಯಾಹ್ನ. ಗಾರ್ಡ್, ಪೊಲೀಸರು ಎಲ್ಲ ಬಂದು ಹೋಗಿ, ನಾವು ಮನೆಗೆ ಬಂದಿದ್ದೆವು. ಡೈನಾ ಉಂಡು ಮಲಗಿದ್ದಳು, ಇವರು ಆಗ ಉಣ್ಣಲು ಕೂತಿದ್ದರು. ನಾನು ರೊಟ್ಟಿ ಬಡಿಸುತ್ತಾ, ಬೆಳಿಗ್ಗೆಯಿಂದ ಒಳಗೆ ಕೊರೆಯುತ್ತಿದ್ದುದನ್ನು ಕೇಳಿದೆ.

"ಅಲ್ರೀ, ಅಕಿ ಕೂತಿರಲಿಲ್ಲ. ನೀವರ ಇನ್ನೂ ನೋಡಿರಲಿಲ್ಲ. ಅಲ್ಲಿ ಏನೂ ಇರದಿದ್ರ?"

"ಇರದಿದ್ರೂ ಚೆಂಡು ಕೊಡಾಂವನ ಇದ್ದೆ."

"ಹಂಗ ಕೊಟ್ರ ನಾಳೆ ಅಕಿ ಸುಳ್ಳ ಹೇಳೂದು ಕಲೀತಾಳ."

ಇವರು ರೊಟ್ಟಿ ಮುರಿದವರು ಬಾಯಿಗಿಡದೆ ಮಲಗಿದವಳ ಕಡೆ ನೋಡಿದರು.

"ಹೇಳ್ಲಿ ಬಿಡು" ಎಂದರು. "ಅವತ್ತ ಕಣದಾಗ ನಾ ಅಕಿಗೆ ಒಂದು ಹೇಳೇನಿ. ಅಕಿದೊಂದು ಬಾಕಿ ಐತಿ."